ಟಾರ್ಚ್ ಹಚ್ಚುವ ಮುಂಚೆ: ಬೆಳ್ಳಿ ಒಡವೆಯ ಗುಟ್ಟಿನ ಲೇಪ ಪತ್ತೆ ಮಾಡುವುದು ಹೇಗೆ

ಅತ್ತಿಗೆಯ ಕಾಲ್ಗೆಜ್ಜೆ. ಕೊಕ್ಕೆಯ ಪಕ್ಕದ ಕೊಂಡಿಯೊಂದು ಬಾಯಿ ಬಿಟ್ಟಿತ್ತು, ಅಷ್ಟೇ. ಐದು ನಿಮಿಷದ ಕೆಲಸ. 925 ಅಂತ ಮುದ್ರೆ ಇದೆ, ಬೆಳ್ಳಗೆ ಹೊಳೆಯುತ್ತಿದೆ, ಇನ್ನೇನು ನೋಡೋದು ಅಂತ ಬಿಳಿಗಾರ (ಬೋರಾಕ್ಸ್) ಹಚ್ಚಿ, ಬೆಸುಗೆಯ ಚೂರು ಇಟ್ಟು, ಟಾರ್ಚಿನ, ಅಂದರೆ ಬೆಸುಗೆ ಹಾಕುವ ಗ್ಯಾಸ್ ಬರ್ನರಿನ, ಉರಿ ಹಿಡಿದೆ. ಬೆಸುಗೆ ಕರಗಿತು. ಆದರೆ ಕೊಂಡಿಯ ಬಾಯಿಗೆ ಇಳಿಯಲಿಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗಾಗಿ ಒಂದು ಪಕ್ಕಕ್ಕೆ ಉರುಳಿ ಕೂತಿತು. ಇನ್ನಷ್ಟು ಬಿಸಿ ಕೊಟ್ಟೆ. ಸುತ್ತಲಿನ ಒಂದು ಇಂಚು ಗೆಜ್ಜೆ ಸ್ಲೇಟಿನ ಬಣ್ಣಕ್ಕೆ ತಿರುಗಿತು.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಹಾಕಿಟ್ಟೆ. ಬರೀ ಬೆಳ್ಳಿಯಾಗಿದ್ದರೆ ಆ ಹೊತ್ತಿಗೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿರಬೇಕು. ಇದು ಸ್ಲೇಟಾಗಿಯೇ ಇತ್ತು. ಅತ್ತಿಗೆ ಬಂದು ನೋಡಿದರು. "ಏನಪ್ಪಾ, ರಿಪೇರಿಗೆ ಕೊಟ್ಟಿದ್ನೋ, ಸುಡೋಕೆ ಕೊಟ್ಟಿದ್ನೋ?"

ಆ ಗೆಜ್ಜೆ ಬೆಳ್ಳಿಯದ್ದೇ. ಮಾರಿದವರು ಮೋಸ ಮಾಡಿರಲಿಲ್ಲ. ಆದರೆ ಬೆಳ್ಳಿಯ ಮೇಲೆ ರೋಡಿಯಂ ಎಂಬ ಇನ್ನೊಂದು ಬಿಳಿ ಲೋಹದ ತೆಳ್ಳನೆ ಲೇಪ ಇತ್ತು. ಮುದ್ರೆ ಅದನ್ನು ಹೇಳುವುದಿಲ್ಲ, ಬಿಲ್ಲಿನಲ್ಲೂ ಬರೆದಿರಲಿಲ್ಲ, ನಾನೂ ಹುಡುಕಲಿಲ್ಲ. ಈ ಬರಹ ಆ ಹುಡುಕಾಟದ್ದು. ಕೈಯಲ್ಲಿರುವ ಬೆಳ್ಳಿ ಒಡವೆಗೆ ಲೇಪ ಇದೆಯೋ ಇಲ್ಲವೋ, ಇದ್ದರೆ ಯಾವುದು, ಗೊತ್ತಾಗದೆ ಬೆಂಕಿ ತಾಗಿಸಿಬಿಟ್ಟಿದ್ದರೆ ಮುಂದೇನು.

'ಪಾಲಿಶ್' ಅನ್ನೋ ಮಾತು

ಒಡವೆ ತಂದವರನ್ನು ಕೇಳುವುದರಿಂದಲೇ ಶುರು ಮಾಡಿ. ಆದರೆ ಕೇಳುವ ರೀತಿ ಮುಖ್ಯ. ನಮ್ಮ ಕಡೆ ಅಂಗಡಿಗಳಲ್ಲಿ ಉಜ್ಜಿ ಹೊಳಪು ಬರಿಸುವುದಕ್ಕೂ ಪಾಲಿಶ್ ಅನ್ನುತ್ತಾರೆ, ಕರೆಂಟ್ ಕೊಟ್ಟು ಬೇರೆ ಲೋಹ ಹತ್ತಿಸುವುದಕ್ಕೂ ಪಾಲಿಶ್ ಅನ್ನುತ್ತಾರೆ. "ಇದಕ್ಕೆ ಪ್ಲೇಟಿಂಗ್ ಆಗಿದೆಯಾ?" ಅಂದರೆ "ಇಲ್ಲಪ್ಪ, ಬರೀ ಪಾಲಿಶ್" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. "ತಗೊಂಡು ಎಷ್ಟು ದಿನ ಆಯ್ತು? ಇಷ್ಟು ದಿನದಲ್ಲಿ ಕಪ್ಪಾಗಿತ್ತಾ? ಯಾವುದರಿಂದ ತೊಳೀತೀರಾ?" ಅಂತ ಕೇಳಿ. ಒಂದು ವರ್ಷ ದಿನಾ ಹಾಕಿಕೊಂಡರೂ ಒಮ್ಮೆಯೂ ಕಪ್ಪಾಗಲಿಲ್ಲ ಅಂದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಕಪ್ಪಾಗದೆ ಇರುವುದಿಲ್ಲ.

ಲೇಪದಲ್ಲಿ ಹಲವು ಜಾತಿ. ಈಗ ಅಂಗಡಿಯಲ್ಲಿ ಸಿಗುವ 925 ಬೆಳ್ಳಿಯ ಉಂಗುರ, ಚೈನು, ಓಲೆಗಳಲ್ಲಿ ಜಾಸ್ತಿ ಕಾಣುವುದು ರೋಡಿಯಂ. ಇದು ಪ್ಲಾಟಿನಂ ಬಳಗದ್ದು. ವಿಲಿಯಂ ವೊಲಾಸ್ಟನ್ 1804ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದ. ಇದರ ಲವಣ ಗುಲಾಬಿ ಬಣ್ಣಕ್ಕಿರುವುದರಿಂದ ಗ್ರೀಕ್ ಭಾಷೆಯ ಗುಲಾಬಿಯ ಹೆಸರನ್ನೇ ಇಟ್ಟ. ನನಗೆ ದರ್ಶನ ಕೊಟ್ಟಿದ್ದು ಮಾತ್ರ ಸ್ಲೇಟಿನ ಬಣ್ಣದಲ್ಲಿ. ಒಡವೆಯ ಮೇಲೆ ಇದರ ದಪ್ಪ ಸಾಮಾನ್ಯವಾಗಿ 0.1ರಿಂದ 0.5 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ.

ಎರಡನೆಯದು ಬೆಳ್ಳಿಯ ಮೇಲೆ ಬೆಳ್ಳಿ. ಕೇಳಲು ತಮಾಷೆ ಅನಿಸಬಹುದು. 925 ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದ 75 ಪಾಲು ಹೆಚ್ಚಾಗಿ ತಾಮ್ರ. ಒಡವೆ ಮಾಡುವಾಗ ಮತ್ತೆ ಮತ್ತೆ ಕಾಯಿಸಿದರೆ ಆ ತಾಮ್ರ ಚರ್ಮದ ಕೆಳಗೇ ಸುಟ್ಟು ನೇರಳೆ-ಬೂದು ಮಚ್ಚೆ ಬೀಳುತ್ತದೆ. ಅದನ್ನು ಉಜ್ಜಿ ತೆಗೆಯುವುದು ತಲೆನೋವು. ಹಾಗಾಗಿ ಮೇಲೊಂದು ಪದರ ಅಪ್ಪಟ ಬೆಳ್ಳಿ ಹತ್ತಿಸಿ ಮುಚ್ಚಿಬಿಡುತ್ತಾರೆ.

ಇನ್ನು ಚಿನ್ನದ ನೀರು ಹಾಕಿದ ಬೆಳ್ಳಿ, ಅಂದರೆ ಈಗಿನ ಟೆಂಪಲ್ ಜುವೆಲರಿಯಲ್ಲಿ ಬಹಳಷ್ಟು. ಕಪ್ಪಾಗದಿರಲಿ ಅಂತ ಬಳಿದ ಪಾರದರ್ಶಕ ಮೆರುಗೆಣ್ಣೆ. ಬೇಕೆಂದೇ ಕಪ್ಪು ಮಾಡಿದ 'ಆಕ್ಸಿಡೈಸ್ಡ್' ಒಡವೆ. ಕೊನೆಗೆ, ಒಳಗೆ ಬೆಳ್ಳಿಯೇ ಇಲ್ಲದ ಬೆಳ್ಳಿ. ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ, ಇಲ್ಲವೇ ಜರ್ಮನ್ ಸಿಲ್ವರ್. ಜರ್ಮನ್ ಸಿಲ್ವರ್‌ನಲ್ಲಿ ಸಿಲ್ವರ್ ಒಂದು ಚೂರೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಕೊಡುವ ಕುಂಕುಮದ ಬಟ್ಟಲುಗಳಲ್ಲಿ ಎಷ್ಟೋ ಈ ಜಾತಿಯವೇ. ಬಟ್ಟಲಾಗಿ ಅದು ಚೆನ್ನಾಗೇ ಇದೆ. ಬೆಳ್ಳಿ ಅಂದುಕೊಂಡು ಬೆಸುಗೆಗೆ ಕೂತರೆ ಮಾತ್ರ ಕಷ್ಟ.

ಕಪ್ಪು ಎಲ್ಲಿದೆ?

ನನಗೆ ಕೆಲಸ ಕಲಿಸಿದ ಆಚಾರ್ರು ಯಾವ ಒಡವೆ ಬಂದರೂ ಮೊದಲು ಕಿಟಕಿ ಹತ್ತಿರ ಹೋಗಿ ಸುಮ್ನೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒರೆಗಲ್ಲು ಆಮೇಲೆ, ಆಸಿಡ್ ಇನ್ನೂ ಆಮೇಲೆ. ಅವರು ಏನು ನೋಡುತ್ತಿದ್ದರು ಅನ್ನುವುದು ಅತ್ತಿಗೆಯ ಗೆಜ್ಜೆ ಸುಟ್ಟ ಮೇಲೆ ನನಗೆ ಸರಿಯಾಗಿ ತಲೆಗೆ ಹೋಯಿತು.

ಲೇಪ ಇಲ್ಲದ ಬೆಳ್ಳಿ ಸಂದಿಗಳಲ್ಲಿ ಕಪ್ಪಾಗುತ್ತದೆ. ಹೂವಿನ ಕೆತ್ತನೆಯ ಒಳಗೆ, ಗುಂಡುಗಳ ನಡುವೆ, ಕೊಂಡಿ ಕೊಂಡಿ ಕೂಡುವ ಕಡೆ. ಚರ್ಮಕ್ಕೆ, ಬಟ್ಟೆಗೆ ಉಜ್ಜುವ ಉಬ್ಬಿನ ಭಾಗ ಬೆಳ್ಳಗೇ ಇರುತ್ತದೆ, ಯಾಕೆಂದರೆ ದಿನಾ ಅದಕ್ಕೆ ತಾನಾಗೇ ಪಾಲಿಶ್ ಆಗುತ್ತಿರುತ್ತದೆ. ರೋಡಿಯಂ ಹಾಕಿದ್ದು ಇದಕ್ಕೆ ತದ್ವಿರುದ್ಧ. ಸಂದಿಯಲ್ಲಿ ಲೇಪ ಸವೆಯುವುದಿಲ್ಲ, ಅಲ್ಲಿ ಹೊಸದರಂತೆ ಬೆಳ್ಳಗಿರುತ್ತದೆ. ಉಬ್ಬಿನಲ್ಲಿ ಲೇಪ ಸವೆದು ಬೆಳ್ಳಿ ಹೊರಬಂದು, ಮೊದಲು ಹಳದಿ ಛಾಯೆ, ಆಮೇಲೆ ಕಂದು, ಆಮೇಲೆ ಕಪ್ಪು. ಉಂಗುರವಾದರೆ ಅಂಗೈ ಕಡೆಯ ಅರ್ಧ ಮಾಸಿ, ಮೇಲಿನ ಅರ್ಧ ಕನ್ನಡಿಯಂತಿರುತ್ತದೆ. ಅತ್ತಿಗೆಯ ಜೋಡಿಯ ಇನ್ನೊಂದು ಗೆಜ್ಜೆಯನ್ನು ಆಮೇಲೆ ನೋಡಿದೆ. ಹಿಮ್ಮಡಿಗೆ ತಾಗುವ ಕಡೆ ಮಸುಕು ಹಳದಿ, ಗುಂಡುಗಳ ಸಂದಿಯಲ್ಲಿ ಬೆಳಕು. ಕಣ್ಣೆದುರೇ ಇತ್ತು.

ಬಣ್ಣದಲ್ಲೂ ಒಂದು ವ್ಯತ್ಯಾಸ ಇದೆ. ಬರೀ ಬೆಳ್ಳಿಯ ಬಿಳಿಯಲ್ಲಿ ಸ್ವಲ್ಪ ಬೆಚ್ಚಗಿನ ಛಾಯೆ, ಹಾಲಿನ ಕೆನೆಯ ಹತ್ತಿರದ್ದು. ರೋಡಿಯಂನದ್ದು ಸ್ಟೀಲ್ ಲೋಟದ ಕಡೆ ವಾಲುವ ತಣ್ಣನೆಯ ಬಿಳಿ. ಒಂದೇ ನೋಡಿದರೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒಂದು ಹಳೇ ಬೆಳ್ಳಿ ಕಾಲುಂಗುರ ಇಟ್ಟುಕೊಂಡು ಹಗಲು ಬೆಳಕಿನಲ್ಲಿ ನೋಡಿ.

ಸವೆದ ಕಡೆ ಹಳದಿಯೋ ಕೆಂಪೋ ಲೋಹ ಇಣುಕುತ್ತಿದ್ದರೆ ಅದು ಮಾಸಿದ್ದಲ್ಲ, ಒಳಗಿನ ಹಿತ್ತಾಳೆ ಅಥವಾ ತಾಮ್ರ. ಬಟ್ಟೆಯಿಂದ ಉಜ್ಜಿ ನೋಡಿ. ಮಾಸಿದ ಹಳದಿ ಬಟ್ಟೆಗೆ ಕಪ್ಪಾಗಿ ಹತ್ತಿ ಹೋಗುತ್ತದೆ, ಹಿತ್ತಾಳೆ ಉಜ್ಜಿದಷ್ಟೂ ಹೊಳೆಯುತ್ತದೆ. ಮೂಲೆಯಲ್ಲಿ ಹಸಿರು ಕಿಲುಬು ಇದ್ದರೆ ತಾಮ್ರದ ಅಂಶ ಜಾಸ್ತಿ ಇದೆ ಅಂತ. ಬೆರಳ ಗುರುತಿನಂತೆ, ಮಳೆ ಹನಿ ಒಣಗಿದಂತೆ ಅಲ್ಲಲ್ಲಿ ಮಚ್ಚೆ ಇದ್ದು ಉಳಿದದ್ದೆಲ್ಲ ಬೆಳ್ಳಗಿದ್ದರೆ ಮೆರುಗೆಣ್ಣೆಯ ಅನುಮಾನ ಪಡಿ.

ಮನೆಯಲ್ಲಿ ಒಡವೆಯನ್ನು ವಿಭೂತಿಯಿಂದಲೋ ಹಲ್ಲುಪುಡಿಯಿಂದಲೋ ಉಜ್ಜುವವರಾದರೆ ಈ ಲಕ್ಷಣಗಳೆಲ್ಲ ಕಲಸಿಹೋಗಿರುತ್ತವೆ. ಹಲ್ಲುಪುಡಿ ಒಳ್ಳೆಯ ಎಮರಿ ಪುಡಿಯ ಕೆಲಸ ಮಾಡುತ್ತದೆ. ಕಾಲು ಮೈಕ್ರಾನ್ ಲೇಪ ಅದರ ಮುಂದೆ ಎಷ್ಟು ದಿನ ನಿಂತೀತು?

ಅಡುಗೆಮನೆಯ ಪರೀಕ್ಷೆಗಳು

ಕಣ್ಣಿಗೆ ತೀರ್ಮಾನ ಆಗದಿದ್ದರೆ ಇವು. ಒಡವೆಗೆ ಕಮ್ಮಿ ಹಾನಿ ಮಾಡುವುದರಿಂದ ಜಾಸ್ತಿ ಮಾಡುವುದರ ಕಡೆಗೆ ಹೋಗುತ್ತೇನೆ.

ಒಂದು ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಕುದಿಯುವ ನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ, ಕಪ್ಪಾದ ಭಾಗ ಫಾಯಿಲ್‌ಗೆ ತಾಗುವ ಹಾಗೆ ಒಡವೆ ಇಡಿ. ಬೆಳ್ಳಿಯ ಕಪ್ಪು ಅಂದರೆ ಬೆಳ್ಳಿಯೂ ಗಂಧಕವೂ ಸೇರಿದ್ದು. ಅಲ್ಯೂಮಿನಿಯಂ ಆ ಗಂಧಕವನ್ನು ಬಿಡಿಸಿಕೊಳ್ಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಪ್ಪು ಹೋಗುತ್ತದೆ. ಹೋದರೆ ಆ ಜಾಗದಲ್ಲಿ ಬೆಳ್ಳಿ ಬರಿಮೈಯಲ್ಲಿದೆ ಅಂತ ಅರ್ಥ. ಹೋಗದಿದ್ದರೆ ಮೇಲೆ ಮೆರುಗೆಣ್ಣೆ ಇದೆ, ಇಲ್ಲವೇ ಅದು ಬೆಳ್ಳಿಯ ಕಪ್ಪೇ ಅಲ್ಲ. ಆಕ್ಸಿಡೈಸ್ಡ್ ಒಡವೆಗೆ ಮಾತ್ರ ಇದನ್ನು ಮಾಡಬೇಡಿ. ಅವರು ಬೇಕೆಂದು ಕೊಟ್ಟ ಕಪ್ಪು ಕೂಡ ಇದೇ ವಸ್ತು. ಡಿಸೈನೆಲ್ಲ ತೊಳೆದುಹೋಗುತ್ತದೆ. ಮುತ್ತು, ಹವಳ, ಅಂಟಿಸಿದ ಕಲ್ಲು ಇದ್ದರೂ ಬೇಡ.

ಮೆರುಗೆಣ್ಣೆಯ ಅನುಮಾನ ಇದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿಯಲ್ಲಿ ಅದ್ದಿ ಒಳಗಿನ ಮೂಲೆಯಲ್ಲಿ ಉಜ್ಜಿ. ಅಂಟಂಟಾದರೆ ಅದೇ. ಕಾರ್ಖಾನೆಯಲ್ಲಿ ಬೇಯಿಸಿ ಕೂರಿಸಿದ ಕೆಲವು ಪದರಗಳು ಅಸಿಟೋನ್‌ಗೂ ಜಗ್ಗುವುದಿಲ್ಲ, ಹಾಗಾಗಿ ಅಂಟಾಗಲಿಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂದುಕೊಳ್ಳಬೇಡಿ.

ಒಳಗಿನ ಲೋಹ ಯಾವುದು ಅಂತ ತಿಳಿಯಲು ನನಗೆ ಜಾಸ್ತಿ ನಂಬಿಕೆ ಇರುವುದು ನೀರಿನ ತೂಕದ ಮೇಲೆ. ಒಂದು ಗೀರೂ ಬೀಳುವುದಿಲ್ಲ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ಒಡವೆಯನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ಹಗುರ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ಒಡವೆಗೆ ತೆಳು ದಾರ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಆಗ ತಕ್ಕಡಿ ತೋರಿಸುವುದು ಒಡವೆ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ.

ಅತ್ತಿಗೆಯ ಗೆಜ್ಜೆಯನ್ನು ಕೊನೆಗೆ ಹೀಗೇ ತೂಗಿದೆ. ಗಾಳಿಯಲ್ಲಿ 41.6 ಗ್ರಾಂ, ಸರಿಸಿದ ನೀರು 4.0 ಗ್ರಾಂ. ಭಾಗಿಸಿದರೆ 10.4. ಅಪ್ಪಟ ಬೆಳ್ಳಿ 10.49, 925 ಬೆಳ್ಳಿ ಸುಮಾರು 10.36. ಒಳಗೆ ಹಿತ್ತಾಳೆ ಇದ್ದಿದ್ದರೆ ಅಷ್ಟೇ ತೂಕದ ಗೆಜ್ಜೆ 4.9 ಗ್ರಾಂ ನೀರು ಸರಿಸಬೇಕಿತ್ತು, ಯಾಕೆಂದರೆ ಹಿತ್ತಾಳೆ 8.5ರ ಹತ್ತಿರ. ಜರ್ಮನ್ ಸಿಲ್ವರ್ ಕೂಡ 8.7ರ ಆಸುಪಾಸು. 6.7ರ ಹತ್ತಿರ ಬಂದರೆ ಸತುವಿನ ಮಿಶ್ರಲೋಹ. ಅದಕ್ಕೆ ಬೆಂಕಿ ತೋರಿಸಲೇಬೇಡಿ. 400 ಡಿಗ್ರಿ ಮುಟ್ಟುವಷ್ಟರಲ್ಲಿ ಬೆಲ್ಲದ ಪಾಕದ ಹಾಗೆ ಕುಸಿದು ಕೂರುತ್ತದೆ. ರೋಡಿಯಂ ಬೆಳ್ಳಿಗಿಂತ ಭಾರದ ಲೋಹವಾದರೂ ಲೇಪ ಎಷ್ಟು ತೆಳು ಅಂದರೆ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಈ ಪರೀಕ್ಷೆ ಕೈಕೊಡುವುದು ಎರಡು ಕಡೆ. ಗೆಜ್ಜೆಯ ಸಂದಿಗಳಲ್ಲಿ ಗಾಳಿಗುಳ್ಳೆ ಕೂತರೆ ಅಂಕಿ ಕಮ್ಮಿ ಬರುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಚೆನ್ನಾಗಿ ಅಲುಗಿಸಿ. ಟೊಳ್ಳು ಬಳೆ, ಅರಗು ತುಂಬಿದ ಜುಮುಕಿ, ಕಲ್ಲಿನ ಒಡವೆಗೆ ಇದು ನಡೆಯುವುದಿಲ್ಲ. ಹಳೇ ಗೆಜ್ಜೆಗಳಲ್ಲಿ 10.1, 10.0 ಬಂದರೆ ಗಾಬರಿ ಬೇಡ, 80 ಟಚ್, 70 ಟಚ್ ಬೆಳ್ಳಿ, ಅಂದರೆ ನೂರರಲ್ಲಿ 80, 70 ಪಾಲು ಬೆಳ್ಳಿ ಇರುವುದು, ಅಲ್ಲೇ ಬರುತ್ತದೆ. ಆದರೆ ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ. ತಾಮ್ರ ಜಾಸ್ತಿ ಇರುವ ಬೆಳ್ಳಿ 780 ಡಿಗ್ರಿಯಲ್ಲೇ ಬೆವರಲು, ಅಂದರೆ ಕರಗಲು, ಶುರುವಾಗುತ್ತದೆ. ಬೆಳ್ಳಿಯ ಗಟ್ಟಿ ಬೆಸುಗೆ ಕರಗುವುದೇ 740ರ ಸುಮಾರಿಗೆ. ನಡುವೆ ಉಳಿಯುವ ಜಾಗ ಎಷ್ಟು ಅಂತ ನೋಡಿ.

ಕೊನೆಯದು ಅರ ಮತ್ತು ಆಸಿಡ್. ಬೆಳ್ಳಿ ಪರೀಕ್ಷೆಗೆ ಅಂತ ಸಿಗುವ ದ್ರಾವಣ ನೈಟ್ರಿಕ್ ಆಸಿಡ್‌ನಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಕರಗಿಸಿದ್ದು. ಬೆಳ್ಳಿಗೆ ತಾಗಿದರೆ ರಕ್ತದ ಕೆಂಪಾಗುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಮೇಲ್ಮೈಗೆ ಹನಿ ಹಾಕಿ ನೋಡುತ್ತಾರೆ. ಬೆಳ್ಳಿ ಲೇಪದ ಹಿತ್ತಾಳೆಯೂ ಕೆಂಪು ತೋರಿಸುತ್ತದೆ. ಇತ್ತ ರೋಡಿಯಂ ಹಾಕಿದ ನಿಜವಾದ ಬೆಳ್ಳಿ ಏನನ್ನೂ ತೋರಿಸುವುದಿಲ್ಲ, ರೋಡಿಯಂಗೆ ನೈಟ್ರಿಕ್ ಆಸಿಡ್ ಲೆಕ್ಕಕ್ಕಿಲ್ಲ. ಕಳ್ಳ ಪಾಸು, ಸಾಚಾ ಫೇಲು. ಹಾಗಾಗಿ ಕೊಕ್ಕೆಯ ಒಳಮೈಯಂಥ ಕಾಣದ ಕಡೆ ಸಣ್ಣ ಅರದಿಂದ ಒಂದು ಗೀರು ಎಳೆದು, ಒಳಲೋಹ ಕಾಣುವಷ್ಟು ಆಳಕ್ಕೆ ಹೋಗಿ, ಅಲ್ಲಿ ಹನಿ ಹಾಕಿ. ಗೀರಿನ ಒಳಗೆ ಕೆಂಪು, ಹೊರಗೆ ಸುಮ್ಮನೆ ಅಂದರೆ ರೋಡಿಯಂ ಹಾಕಿದ ಬೆಳ್ಳಿ. ಗೀರಿನೊಳಗೆ ಹಸಿರು ನೊರೆ ಅಂದರೆ ಒಳಗೆ ತಾಮ್ರದ ಬಳಗ. ಡೈಕ್ರೋಮೇಟ್ ವಿಷ. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಹನಿಯನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆಯಿರಿ.

ಹಾಲ್‌ಮಾರ್ಕ್ ಕೇಂದ್ರದ ಎಕ್ಸ್-ರೇ ಮೆಷಿನ್ ಬಗ್ಗೆಯೂ ಕೇಳುತ್ತಾರೆ. ಅದು ರೋಡಿಯಂ ಇದ್ದರೆ ಹೆಸರು ಹೇಳಿ ತೋರಿಸುತ್ತದೆ, ಅದಕ್ಕೆ ಒಳ್ಳೆಯದು. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ದಪ್ಪ ಬೆಳ್ಳಿ ಲೇಪದ ಕೆಳಗೆ ಏನಿದೆ ಅಂತ ಅದೂ ಮೋಸ ಹೋಗಬಹುದು.

ಆಗಲೇ ಬೆಂಕಿ ಹಚ್ಚಿಬಿಟ್ಟಿದ್ದರೆ

ಆಗ ಒಡವೆಯೇ ಬಾಯಿಬಿಡುತ್ತದೆ.

ಸ್ಲೇಟಿನ ಬಣ್ಣ, ಆಸಿಡ್ ನೀರಿಗೂ ಹೋಗದು: ರೋಡಿಯಂ. ಬಿಸಿಗೆ ಅದು ಆಕ್ಸೈಡ್ ಆಗುತ್ತದೆ, ತೆಳು ಪದರದ ಕೆಳಗಿನಿಂದ ತಾಮ್ರವೂ ಮೇಲೆ ಬಂದು ಸುಡುತ್ತದೆ. ಮತ್ತೆ ಕಾಯಿಸಿದರೆ ಸರಿಹೋದೀತು ಅನ್ನುವ ಆಸೆ ಬಿಡಿ, ಇನ್ನಷ್ಟು ಕಪ್ಪಾಗುತ್ತದೆ. ಉಜ್ಜಿಯೇ ತೆಗೆಯಬೇಕು.

ಬಫ್ ಕೊಡುವಾಗ, ಅಂದರೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಬರಿಸುವಾಗ, ಇದ್ದಕ್ಕಿದ್ದಂತೆ ನೇರಳೆ-ಬೂದು ಮೋಡ ಕಾಣಿಸಿತು: ಮೇಲಿದ್ದ ಅಪ್ಪಟ ಬೆಳ್ಳಿಯ ಪದರ ಹೋಯಿತು, ಕೆಳಗಿನ ಹಳೇ ಸುಟ್ಟ ತಾಮ್ರ ಹೊರಬಂತು. ನಿಮ್ಮ ಬೆಂಕಿಯ ತಪ್ಪಲ್ಲ, ಒಡವೆ ಹುಟ್ಟುವಾಗಲೇ ಇದ್ದದ್ದು. ಪೂರ್ತಿ ಉಜ್ಜಿ ತೆಗೆಯಿರಿ, ಇಲ್ಲವೇ ಒಡವೆಯನ್ನು ಮಂದ ಬಿಸಿಗೆ ಕಾಯಿಸಿ ಆಸಿಡ್ ನೀರಿಗೆ ಹಾಕಿ ಹಿತ್ತಾಳೆ ಬ್ರಷ್ ಹೊಡೆಯಿರಿ, ನಾಲ್ಕೈದು ಸಲ. ಪ್ರತಿ ಸಲವೂ ಮೇಲಿನ ತಾಮ್ರ ಸ್ವಲ್ಪ ಸ್ವಲ್ಪ ಕರಗಿಹೋಗಿ ಬೆಳ್ಳಿ ಉಳಿದು ಹೊಸ ಬಿಳಿ ಚರ್ಮ ಬರುತ್ತದೆ.

ಆಸಿಡ್ ನೀರಿನಿಂದ ತೆಗೆದಾಗ ಇಡೀ ಒಡವೆ ಗುಲಾಬಿ-ಕೆಂಪಾಗಿದೆ: ಇದಕ್ಕೆ ನಾನು ಒಂದು ಸಲ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಕಬ್ಬಿಣದ ಚಿಮಟ ಹಾಕಿ ತೆಗೆದಿದ್ದೆ. ಹಳೇ ಆಸಿಡ್ ನೀರಿನಲ್ಲಿ ಕರಗಿದ್ದ ತಾಮ್ರ ಕಬ್ಬಿಣ ತಾಗಿದ ಕೂಡಲೇ ಬೆಳ್ಳಿಯ ಮೇಲೆ ಹತ್ತಿಕೊಂಡಿತ್ತು. ಅಂದರೆ ನಾನೇ ತಾಮ್ರದ ಪ್ಲೇಟಿಂಗ್ ಮಾಡಿದ್ದೆ. ಹೊಸ ನಿಂಬೆ ಉಪ್ಪಿನ ನೀರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಟ್ಟರೆ ಹೋಗುತ್ತದೆ. ಪ್ಲಾಸ್ಟಿಕ್ ಅಥವಾ ಬಿದಿರಿನ ಚಿಮಟ ಬಳಸಿ.

ಚಿನ್ನದ ಬಣ್ಣ ಮಾಯವಾಯಿತು: ಎಲ್ಲೂ ಹೋಗಿಲ್ಲ, ಬಿಸಿಗೆ ಬೆಳ್ಳಿಯೊಳಗೆ ಇಳಿದುಹೋಗಿದೆ. ಮೇಲೆ ವಾಪಸ್ ಬರುವುದಿಲ್ಲ. ಮತ್ತೆ ಚಿನ್ನದ ನೀರು ಹಾಕಿಸಬೇಕು, ಅದರ ಖರ್ಚನ್ನು ಕೆಲಸ ಹಿಡಿಯುವ ಮುಂಚೆಯೇ ಒಡವೆಯವರಿಗೆ ಹೇಳಿಬಿಡಿ.

ಬೊಬ್ಬೆ ಎದ್ದಿದೆ: ಲೇಪ ಸರಿಯಾಗಿ ಕಚ್ಚಿರಲಿಲ್ಲ. ಮೆರುಗೆಣ್ಣೆಯಾದರೆ ಹಳದಿಯಾಗಿ, ಕಂದಾಗಿ, ಸುಟ್ಟ ವಾಸನೆ ಬರುತ್ತದೆ.

ಬೆಸುಗೆ ಹಾಕಿದ ಕಡೆ ಗೆದ್ದಲು ತಿಂದ ಹಾಗೆ ತೂತು: ಇದು ಲೇಪದ ದೋಷ ಅಲ್ಲ, ಆದರೆ ಇದೇ ಜಾಗದಲ್ಲಿ ಎದುರಾಗುತ್ತದೆ. ಹಿಂದೆ ಯಾರೋ ರೇಡಿಯೋ ರಿಪೇರಿಯ ಸೀಸದ ಬೆಸುಗೆ ಹಾಕಿ, ಮೇಲೆ ಪ್ಲೇಟಿಂಗ್ ಕೊಟ್ಟು ಮುಚ್ಚಿರುತ್ತಾರೆ. ಕೆಂಪಗೆ ಕಾಯಿಸಿದರೆ ಸೀಸ ಬೆಳ್ಳಿಯನ್ನೇ ತಿಂದು ಹಾಕುತ್ತದೆ. ಹಾಗಾಗಿ ಯಾವ ಹಳೇ ಜೋಡಣೆ ಕಂಡರೂ ಸೂಜಿಯಿಂದ ಚುಚ್ಚಿ ನೋಡಿ. ಬೆಳ್ಳಿಯ ಬೆಸುಗೆಗೆ ಸೂಜಿ ಇಳಿಯುವುದಿಲ್ಲ, ಸೀಸಕ್ಕೆ ಮೆತ್ತಗೆ ಇಳಿಯುತ್ತದೆ. ಸೀಸವನ್ನು ಒಂದು ಚೂರೂ ಉಳಿಸದೆ ಕೆರೆದು ತೆಗೆಯಬೇಕು.

ಬೆಸುಗೆಯ ಮಾತು ಬಂದಿತಲ್ಲ, ಕೆಡಿಎಂ ಅಂದರೆ ಏನೋ ದೊಡ್ಡ ಗ್ಯಾರಂಟಿ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರು. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ, ಅಂದರೆ ನಮ್ಮ ಟಾರ್ಚಿನ ಕೆಳಗೇ ಹೊಗೆಯಾಗುತ್ತದೆ, ಆ ಹೊಗೆ ಶ್ವಾಸಕೋಶಕ್ಕೆ ವಿಷ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಕೇಳಿ ತನ್ನಿ.

ಗೆಜ್ಜೆ ಸರಿಮಾಡಿದ್ದು

ಗುಂಡಗಾಗಿ ಕೂತಿದ್ದ ಬೆಸುಗೆಯನ್ನು ಮೊದಲು ಅರದಿಂದ ತೆಗೆದೆ. ಬಾಯಿ ಬಿಟ್ಟ ಕೊಂಡಿಯ ಎರಡೂ ತುದಿಗಳನ್ನು ಅರದಿಂದ ಹೊಸ ಬೆಳ್ಳಿ ಕಾಣುವ ತನಕ ಉಜ್ಜಿದೆ. ರೋಡಿಯಂ ಇರುವ ಕಡೆ ಅರ ಮೊದಲು ಜಾರುತ್ತದೆ, ಕೊಯ್ಯ್ ಅಂತ ಸಣ್ಣ ಸದ್ದು. ಬೆಳ್ಳಿ ಬಂದ ಕೂಡಲೇ ಕಚ್ಚುತ್ತದೆ, ಸದ್ದು ದಪ್ಪಗಾಗುತ್ತದೆ. ಕಿವಿಗೇ ಗೊತ್ತಾಗುತ್ತದೆ. ತುದಿ ಮಾತ್ರ ಸಾಲದು. ಬೆಸುಗೆ ಹರಿಯುವ ಸುತ್ತಲಿನ ಮೂರು ಮಿಲಿಮೀಟರ್ ಜಾಗದಲ್ಲೂ ಲೇಪ ತೆಗೆದೆ, ಇಲ್ಲದಿದ್ದರೆ ಮತ್ತೆ ಕೆಸುವಿನ ಎಲೆಯ ಕಥೆ.

ಎರಡು ತುದಿ ಬೆಳಕು ಹಾಯದಷ್ಟು ಕೂಡುವ ಹಾಗೆ ಇಕ್ಕಳದಲ್ಲಿ ಒತ್ತಿದೆ. ಬೋರಿಕ್ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಆ ಭಾಗಕ್ಕೆ ಹಚ್ಚಿ, ಬಾಟಲಿ ದೂರ ಇಟ್ಟು, ಕಡ್ಡಿ ಗೀರಿದೆ. ಸ್ಪಿರಿಟ್ ಹಸಿರು ಉರಿಯಲ್ಲಿ ಉರಿದು ಬಿಳಿ ಪುಡಿಯ ಹೊದಿಕೆ ಉಳಿಯಿತು. ತಾಮ್ರ ಸುಡದ ಹಾಗೆ ಇದು ಕಾಯುತ್ತದೆ. ಉಳಿದ ಗೆಜ್ಜೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇದ್ದಿಲಿನ ಮೇಲೆ ಕೊಂಡಿಯನ್ನು ಮಾತ್ರ ಹೊರಗಿಟ್ಟೆ. ಬೆಳ್ಳಿಯಷ್ಟು ಬೇಗ ಬಿಸಿ ಹಾಯಿಸುವ ಲೋಹ ಇನ್ನೊಂದಿಲ್ಲ. ಉಂಗುರದಂಥದ್ದಾದರೆ ಒಂದು ಮೂಲೆ ಕಾಯಿಸಿದರೆ ಇಡೀ ಒಡವೆ ಕಾಯುತ್ತದೆ, ಒದ್ದೆ ಬಟ್ಟೆಗೂ ಬಗ್ಗುವುದಿಲ್ಲ. ಗೆಜ್ಜೆಯಲ್ಲಿ ಕೊಂಡಿಗಳು ಬಿಡಿಬಿಡಿಯಾಗಿ ತಾಗುವುದರಿಂದ ಬಿಸಿ ಅಷ್ಟು ದೂರ ಓಡುವುದಿಲ್ಲ, ಅದೊಂದು ಪುಣ್ಯ.

ಬೇಗ ಕರಗುವ ಜಾತಿಯ ಬೆಳ್ಳಿ ಬೆಸುಗೆ, ಸಾಸಿವೆಯಷ್ಟು ಚೂರು. ಬಿಳಿಗಾರ ಉಬ್ಬಿ, ಕೂತು, ಗಾಜಿನಂತಾಯಿತು. ಎರಡು ಎಣಿಸುವಷ್ಟರಲ್ಲಿ ಬೆಳ್ಳಿಯ ಗೆರೆಯೊಂದು ಮಿಂಚಿ ಬಾಯಿಯೊಳಗೆ ಓಡಿತು. ಟಾರ್ಚ್ ತೆಗೆದೆ.

ಇನ್ನು ಹಿಂದಿನ ಸಲ ಸ್ಲೇಟಾಗಿದ್ದ ಇಂಚು. 600, 1000, 1200 ನಂಬರಿನ ಎಮರಿ ಪೇಪರ್, ಸಂದಿಗೆ ಪೇಪರನ್ನೇ ಕಡ್ಡಿಗೆ ಸುತ್ತಿ. ಆಮೇಲೆ ಅಂಟುವಾಳದ ನೀರಿನಲ್ಲಿ ಹಿತ್ತಾಳೆ ಬ್ರಷ್, ಕೊನೆಗೆ ಬಫ್. ಕಪ್ಪು ಹೋಯಿತು. ಆದರೆ ಆ ಒಂದು ಇಂಚು ಈಗ ಕೆನೆಯ ಬಿಳಿ, ಉಳಿದದ್ದು ಸ್ಟೀಲಿನ ಬಿಳಿ. ಅತ್ತಿಗೆ ಬೆರಳಿಟ್ಟು ತೋರಿಸುವ ಮುಂಚೆ ನಾನೇ ಹೇಳಿದೆ. ಎರಡೂ ಗೆಜ್ಜೆಗೆ ರೋಡಿಯಂ ಹಾಕಿಸದೆ ಬೇರೆ ದಾರಿ ಇರಲಿಲ್ಲ.

ಮತ್ತೆ ಲೇಪಕ್ಕೆ ಕೊಡುವಾಗ

ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ರೋಡಿಯಂ ದ್ರಾವಣ ಗಂಧಕಾಮ್ಲದ್ದು, ಬೆಳ್ಳಿ-ಚಿನ್ನದ ದ್ರಾವಣಗಳಲ್ಲಿ ಸಾಮಾನ್ಯವಾಗಿ ಸಯನೈಡ್ ಇರುತ್ತದೆ. ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆ, ನಗರ್ತಪೇಟೆ ಕಡೆ ಇದನ್ನೇ ಕಸುಬು ಮಾಡಿಕೊಂಡವರು ಸಿಗುತ್ತಾರೆ. ಬೇರೆ ಊರಿನಲ್ಲಾದರೆ ಬೆಳ್ಳಿ ಅಂಗಡಿಯವರೇ ಕಳಿಸಿ ತರಿಸಿಕೊಡುತ್ತಾರೆ.

ಕೊಡುವಾಗ ಎರಡು ವಿಷಯ ಮುಚ್ಚಿಡಬೇಡಿ. ಒಡವೆಯಲ್ಲಿ ಎಲ್ಲಾದರೂ ಸೀಸ, ತವರದ ಬೆಸುಗೆ ಇದ್ದರೆ ಹೇಳಿ. ಅದು ಅವರ ದುಬಾರಿ ದ್ರಾವಣವನ್ನು ಕೆಡಿಸುತ್ತದೆ. ಬೆಳ್ಳಿಯ ಮೇಲೆ ನೇರ ಹಾಕುತ್ತಾರೋ, ನಡುವೆ ನಿಕ್ಕಲ್ ಅಥವಾ ಪಲ್ಲೇಡಿಯಂ ಪದರ ಕೊಡುತ್ತಾರೋ ಅಂತಲೂ ಕೇಳಿ. ನಡುವೆ ಪದರ ಇದ್ದರೆ ಬಾಳಿಕೆ ಜಾಸ್ತಿ, ಆದರೆ ಹಾಕಿಕೊಳ್ಳುವವರಿಗೆ ನಿಕ್ಕಲ್ ಕೆರೆತ ತರುವುದಾದರೆ ಪಲ್ಲೇಡಿಯಂ ಕೇಳಬೇಕು. ಇನ್ನು ಗೀರು, ಎಮರಿಯ ಗುರುತು ಎಲ್ಲ ನೀವೇ ತೆಗೆದು ಕನ್ನಡಿ ಮಾಡಿ ಕೊಡಿ. ಅಷ್ಟು ತೆಳು ಲೇಪ ಯಾವ ಗೀರನ್ನೂ ಮುಚ್ಚುವುದಿಲ್ಲ, ಇದ್ದದ್ದನ್ನು ಇನ್ನೂ ಎದ್ದು ಕಾಣಿಸುತ್ತದೆ.

ನಾನು ಒಂದು ಗೀರನ್ನು ಮಾತ್ರ ಬೇಕೆಂದೇ ಉಳಿಸಿದೆ. ಎರಡೂ ಗೆಜ್ಜೆಯ ಕೊಕ್ಕೆಯ ಒಳಮೈಗೆ ಸೂಜಿಯಲ್ಲಿ ಸಣ್ಣಗೆ 'ರೋ' ಅಂತ ಬರೆದೆ. ಮುಂದೆ ಯಾರಾದರೂ ಟಾರ್ಚ್ ಹಿಡಿಯುವ ಮುಂಚೆ ಕಣ್ಣಿಗೆ ಬೀಳಲಿ ಅಂತ. ಲೇಪ ಆಗಿ ಬಂದಾಗ ಅಕ್ಷರ ಹಾಗೇ ಇತ್ತು. ಅತ್ತಿಗೆ ಕನ್ನಡಕ ಏರಿಸಿ ನೋಡಿದರು. "ಗೆಜ್ಜೆ ಚೆನ್ನಾಗಿದೆ. ಇದ್ಯಾಕೆ 'ರೋ' ಅಂತ ಬರೆದಿದೀಯಾ, ರೋಗ ಅಂತಾನಾ?"